ಮೈಗ್ರೇನ್: ಟ್ರಿಗರ್ ಪತ್ತೆ ಮಾಡುವುದು ಹೇಗೆ, ಮಾತ್ರೆ ಎಣಿಸುವುದು ಏಕೆ

ಹಬ್ಬದ ದಿನ ಮಧ್ಯಾಹ್ನ ಅರೆತಲೆನೋವು ಶುರುವಾದರೆ ಮನೆಯಲ್ಲಿ ಯಾರಾದರೊಬ್ಬರು ಕಾರಣ ಹೇಳಿಯೇ ಬಿಡುತ್ತಾರೆ. ಹೋಳಿಗೆ ಜಾಸ್ತಿಯಾಯಿತು, ಪಿತ್ತ ಕೆದರಿತು, ಬಿಸಿಲಿಗೆ ಹೋಗಬಾರದಿತ್ತು. ಅವತ್ತು ನಡೆದದ್ದನ್ನು ಸಾಲಾಗಿ ಬರೆದು ನೋಡಿದರೆ ಕಥೆ ಬೇರೆ ಇರುತ್ತದೆ. ಹಿಂದಿನ ರಾತ್ರಿ ಕೆಲಸ ಮುಗಿಯುವಾಗ ಹನ್ನೆರಡು ದಾಟಿತ್ತು. ಬೆಳಗ್ಗೆ ಐದಕ್ಕೆ ಎಚ್ಚರ, ಎಣ್ಣೆ ಹಚ್ಚಿ ತಲೆಸ್ನಾನ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಓಡಾಟ. ಪೂಜೆ ಮುಗಿಯುವವರೆಗೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಜೊತೆಗೆ ಊದಿನಕಡ್ಡಿ, ಕರ್ಪೂರದ ಹೊಗೆ. ಊಟ ಎರಡೂವರೆಗೆ. ಹೋಳಿಗೆ ಬಂದದ್ದು ಇಷ್ಟೆಲ್ಲದರ ಕೊನೆಗೆ.

ಮೈಗ್ರೇನ್, ಅಂದರೆ ಅರೆತಲೆನೋವು, ಇರುವವರು ಸಾಮಾನ್ಯವಾಗಿ ಒಬ್ಬನೇ ಅಪರಾಧಿಯನ್ನು, ಅಂದರೆ ನೋವು ಕೆರಳಿಸುವ ಒಂದೇ ಕಾರಣವನ್ನು (ಟ್ರಿಗರ್), ಹುಡುಕುತ್ತಾರೆ. ಹೆಚ್ಚಿನ ಸಲ ಅಂಥವನು ಇರುವುದಿಲ್ಲ. ಮೈಗ್ರೇನ್ ಇರುವ ಮೆದುಳು ಹುಟ್ಟಿನಿಂದಲೇ, ಬಹುಪಾಲು ವಂಶದಿಂದಲೇ, ಬದಲಾವಣೆಯನ್ನು ಸಹಿಸದ ಮೆದುಳು. ನಿದ್ದೆ, ಊಟ, ಹಾರ್ಮೋನು, ಬೆಳಕು, ವಾಸನೆ ಇವುಗಳಲ್ಲಿ ಒಂದು ಹೆಚ್ಚುಕಡಿಮೆಯಾದರೆ ತಡೆದುಕೊಳ್ಳುತ್ತದೆ, ಒಂದೇ ದಿನ ಮೂರು ಸೇರಿದರೆ ಕೆರಳುತ್ತದೆ. ಕೆರಳಿದಾಗ ಮುಖ ಮತ್ತು ತಲೆಯ ಸಂವೇದನೆ ಹೊರುವ ಟ್ರೈಜೆಮಿನಲ್ ನರದ ತುದಿಗಳಿಂದ ಸಿಜಿಆರ್‌ಪಿ ಮುಂತಾದ ರಾಸಾಯನಿಕಗಳು ಹೊರಬಿದ್ದು, ಮೆದುಳಿನ ಹೊದಿಕೆಯ ಸುತ್ತಲಿನ ರಕ್ತನಾಳಗಳ ಬಡಿತವೂ ನೋವಾಗಿ ಕೇಳಿಸತೊಡಗುತ್ತದೆ. ಹೊಟ್ಟೆಯ ಪಿತ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳದಿ ನೀರು ವಾಂತಿಯಾಗುವುದು ಮೈಗ್ರೇನ್‌ನ ಪರಿಣಾಮ. ಹೊಟ್ಟೆ ಖಾಲಿ ಇರುವಾಗ ವಾಂತಿಯಾದರೆ ಪಿತ್ತರಸವೇ ಬರುತ್ತದೆ, ಅಷ್ಟೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ಮಾತನಾಡಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರು ಸುಮಾರು ಶೇ. 25. ಹೆಂಗಸರಲ್ಲಿ ಪ್ರಮಾಣ ಇನ್ನೂ ಹೆಚ್ಚು.

ಇದು ಮೈಗ್ರೇನೇ ಹೌದೇ?

ವೈದ್ಯರು ಬಳಸುವ ಅಂತರರಾಷ್ಟ್ರೀಯ ಮಾನದಂಡವನ್ನು ಸರಳವಾಗಿ ಹೇಳಬಹುದು. ಇಂಥ ತಲೆನೋವು ಕನಿಷ್ಠ 5 ಸಲ ಬಂದಿರಬೇಕು. ಔಷಧ ತೆಗೆದುಕೊಳ್ಳದಿದ್ದರೆ 4ರಿಂದ 72 ಗಂಟೆ ಇರಬೇಕು. ಒಂದೇ ಪಕ್ಕ ನೋಯುವುದು, ದಪದಪ ಬಡಿಯುವುದು, ಕೆಲಸ ಮಾಡಲಾಗದಷ್ಟು ತೀವ್ರವಾಗಿರುವುದು, ಮೆಟ್ಟಿಲು ಹತ್ತಿದರೆ ಅಥವಾ ಬಗ್ಗಿದರೆ ಹೆಚ್ಚಾಗುವುದು, ಈ ನಾಲ್ಕರಲ್ಲಿ ಎರಡು ಇರಬೇಕು. ಅದರ ಜೊತೆಗೆ ವಾಕರಿಕೆ ಅಥವಾ ವಾಂತಿ ಇರಬೇಕು, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗದಂತಿರಬೇಕು. ಎರಡೂ ಪಕ್ಕ ನೋಯುವ ಮೈಗ್ರೇನ್ ಕೂಡ ಇದೆ. ‘ಅರೆ’ತಲೆ ನೋಯುತ್ತಿಲ್ಲ ಎಂದು ಇದನ್ನು ತಳ್ಳಿಹಾಕಬೇಡಿ.

ನಮ್ಮಲ್ಲಿ ಮೈಗ್ರೇನ್‌ಗೆ ಅತಿ ಹೆಚ್ಚು ಸಲ ಸಿಗುವ ತಪ್ಪು ಹೆಸರು ‘ಸೈನಸ್’. ಮೈಗ್ರೇನ್ ಬಂದಾಗ ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು, ಕೆನ್ನೆಯ ಮೂಳೆ ಒತ್ತಿದಂತಾಗುವುದು ಸಾಮಾನ್ಯ. ಜ್ವರ ಇಲ್ಲ, ಗಟ್ಟಿ ಹಳದಿ ಸಿಂಬಳ ಇಲ್ಲ, ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಬರುತ್ತದೆ ಎಂದಾದರೆ ಸೈನಸ್‌ಗಿಂತ ಮೈಗ್ರೇನ್ ಆಗಿರುವ ಸಾಧ್ಯತೆಯೇ ಹೆಚ್ಚು. ಆಂಟಿಬಯಾಟಿಕ್ ಕೋರ್ಸಿನಿಂದ ಅದು ವಾಸಿಯಾಗುವುದಿಲ್ಲ. ಕನ್ನಡಕದ ನಂಬರ್ ಬದಲಾದದ್ದೂ ಹೀಗೆ ವಾಂತಿ ಬರಿಸುವ ತಲೆನೋವಿಗೆ ಕಾರಣವಾಗುವುದು ಕಡಿಮೆ.

ಕೆಲವರಿಗೆ ನೋವಿನ ಮುಂಚೆ ಔರಾ ಬರುತ್ತದೆ. ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆ ಅಥವಾ ಕುರುಡು ಚುಕ್ಕೆ ಕಾಣಿಸಿ ನಿಧಾನವಾಗಿ ದೊಡ್ಡದಾಗುತ್ತದೆ. ಬೆರಳಲ್ಲಿ ಜುಮ್ಮೆನ್ನತೊಡಗಿ ತೋಳಿಗೆ, ತುಟಿಗೆ ಹರಡುತ್ತದೆ. ಮಾತು ತಡವರಿಸಬಹುದು. ಇದು 5ರಿಂದ 60 ನಿಮಿಷದೊಳಗೆ ಪೂರ್ತಿ ಹೋಗಬೇಕು. ಗಮನಿಸಬೇಕಾದದ್ದು ಅದರ ವೇಗ. ಔರಾ ನಿಮಿಷಗಳಲ್ಲಿ ಹರಡುತ್ತದೆ, ಪಾರ್ಶ್ವವಾಯು ಕ್ಷಣದಲ್ಲಿ ಬಡಿಯುತ್ತದೆ. ಜೀವನದಲ್ಲಿ ಮೊದಲ ಸಲ ಹೀಗಾದರೆ ಔರಾ ಇರಬಹುದು ಎಂದು ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಔರಾ ಇರುವ ಹೆಂಗಸರು ಗರ್ಭನಿರೋಧಕ ಮಾತ್ರೆ ಕೇಳುವಾಗ ಅದನ್ನು ಸ್ತ್ರೀರೋಗ ತಜ್ಞರಿಗೆ ತಪ್ಪದೆ ಹೇಳಬೇಕು. ಈಸ್ಟ್ರೊಜೆನ್ ಎಂಬ ಹಾರ್ಮೋನು ಇರುವ ಮಾತ್ರೆಯಿಂದ ಅವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ಸಿಗರೇಟು ಸೇರಿದರೆ ಇನ್ನಷ್ಟು.

ಮುಂದೆ ಹೇಳುವ ತಲೆನೋವಿನ ಡೈರಿಯನ್ನೆಲ್ಲ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಬೇಕಾದ ಅಥವಾ ಅವತ್ತೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಇವು:

– ಒಂದು ನಿಮಿಷದೊಳಗೆ ಸಿಡಿಲು ಬಡಿದಂತೆ ಪರಾಕಾಷ್ಠೆಗೆ ಹೋಗುವ ನೋವು
– ಜ್ವರದ ಜೊತೆ ಕುತ್ತಿಗೆ ಬಗ್ಗಿಸಲಾಗದಿರುವುದು, ಗೊಂದಲ, ಫಿಟ್ಸ್
– ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಬಾಯಿ ಸೊಟ್ಟಗಾಗುವುದು
– ತಲೆಗೆ ಪೆಟ್ಟು ಬಿದ್ದ ನಂತರ ಶುರುವಾದ ನೋವು
– ಗರ್ಭಿಣಿಯರಲ್ಲಿ ಅಥವಾ ಹೆರಿಗೆಯಾದ ಕೆಲವು ವಾರಗಳಲ್ಲಿ ಹೊಸದಾಗಿ ಬಂದ ತೀವ್ರ ತಲೆನೋವು. ಬಾಣಂತಿಯರಲ್ಲಿ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು ನಮ್ಮ ದೇಶದ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಮಸ್ಯೆ. ‘ಶೀತ ತಲೆಗೇರಿದೆ’ ಎಂದು ಹತ್ತಿ ತುರುಕಿ ಮಲಗಿಸುವುದು ಅಪಾಯ
– ಕಣ್ಣು ಕೆಂಪಾಗಿ ದೃಷ್ಟಿ ಮಂಜಾಗುವುದು

50 ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವ ನೋವು, ಕೆಮ್ಮಿದಾಗ ಅಥವಾ ಮಲಗಿದಾಗ ಹೆಚ್ಚಾಗುವ ನೋವು ಇವಕ್ಕೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಮುನ್ಸೂಚನೆಯನ್ನು ಟ್ರಿಗರ್ ಎಂದುಕೊಳ್ಳುವ ತಪ್ಪು

ಡೈರಿ ಹಿಡಿಯುವ ಮುಂಚೆ ಇದು ಅರ್ಥವಾಗಬೇಕು, ಇಲ್ಲದಿದ್ದರೆ ಬರೆದದ್ದೆಲ್ಲ ದಾರಿ ತಪ್ಪಿಸುತ್ತದೆ. ಮೈಗ್ರೇನ್ ಶುರುವಾಗುವುದು ನೋವಿನಿಂದಲ್ಲ. ನೋವಿಗೆ ಕೆಲವು ಗಂಟೆ, ಕೆಲವೊಮ್ಮೆ ಎರಡು ದಿನ ಮುಂಚೆಯೇ ಮೆದುಳಿನ ಆಳದಲ್ಲಿ ಅದು ಶುರುವಾಗಿರುತ್ತದೆ. ಆ ಹೊತ್ತಿನಲ್ಲಿ ಪದೇಪದೇ ಆಕಳಿಕೆ, ಕುತ್ತಿಗೆ ಬಿಗಿತ, ಸಿಡುಕು, ಪದೇಪದೇ ಮೂತ್ರ, ಸಿಹಿಗಾಗಿ ಚಡಪಡಿಕೆ, ಬೆಳಕು ಚುಚ್ಚಿದಂತಾಗುವುದು ಕಾಣಿಸಿಕೊಳ್ಳುತ್ತವೆ. ಸಂಜೆ ಯಾಕೋ ಚಾಕೊಲೇಟ್ ಬೇಕೆನಿಸಿ ತಿಂದಿರಿ, ರಾತ್ರಿ ನೋವು ಬಂತು. ತಪ್ಪು ಚಾಕೊಲೇಟಿನ ಮೇಲೆ ಬಿತ್ತು. ಬಯಕೆಯೇ ಮೈಗ್ರೇನ್‌ನ ಮೊದಲ ಲಕ್ಷಣವಾಗಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ಕುತ್ತಿಗೆ ನೋವೂ ಹಾಗೆಯೇ. ದಿಂಬು ಸರಿಯಿಲ್ಲ ಎಂದು ದಿಂಬು ಬದಲಿಸುತ್ತ ಹೋಗುವವರು ಬಹಳ.

ಹಾಗಾಗಿ ಡೈರಿಯಲ್ಲಿ ಎರಡು ಬೇರೆ ಅಂಕಣ ಇರಲಿ: ‘ಏನಾಯಿತು, ಏನು ಮಾಡಿದೆ’ ಒಂದು, ‘ಏನನಿಸಿತು’ ಇನ್ನೊಂದು. ಆಕಳಿಕೆ, ಬಯಕೆ, ಬಿಗಿತ ಎರಡನೆಯದಕ್ಕೆ ಸೇರಬೇಕು. ಅವು ಕೆಲಸಕ್ಕೆ ಬಾರದವಲ್ಲ. ನಿಮ್ಮ ಮುನ್ಸೂಚನೆ ಯಾವುದು ಎಂದು ತಿಳಿದರೆ ಆ ಸಂಜೆ ಊಟ ತಪ್ಪಿಸದೆ, ಬೇಗ ಮಲಗಿ, ಮಾತ್ರೆ ಕೈಗೆಟುಕುವಂತೆ ಇಟ್ಟುಕೊಳ್ಳಬಹುದು.

ಎಂಟು ವಾರದ ಡೈರಿ

ಮೊಬೈಲ್ ಆ್ಯಪ್‌ಗಿಂತ ಗೋಡೆಯ ಕ್ಯಾಲೆಂಡರ್ ಅಥವಾ ನೂರು ಪುಟದ ನೋಟ್‌ಬುಕ್ ಒಳ್ಳೆಯದು. ತಲೆ ಸಿಡಿಯುವಾಗ ಫೋನಿನ ಪರದೆ ನೋಡಲಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಸಾಕು. ಬರೆಯಬೇಕಾದದ್ದು:

1. ಮಲಗಿದ ಹೊತ್ತು, ಎದ್ದ ಹೊತ್ತು.
2. ತಿಂಡಿ, ಊಟ, ರಾತ್ರಿಯೂಟದ ಹೊತ್ತು. ಏನು ತಿಂದಿರಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ತಿಂದಿರಿ ಎಂಬುದು ಮುಖ್ಯ.
3. ಕಾಫಿ, ಟೀ ಎಷ್ಟು ಲೋಟ, ಯಾವಾಗ.
4. ಮುಟ್ಟಿನ ದಿನಗಳು.
5. ತಲೆಸ್ನಾನ, ಬಿಸಿಲು, ಪ್ರಯಾಣ, ಘಾಟು ವಾಸನೆ, ಜಗಳ, ಗಡುವು: ಇದ್ದರೆ ಒಂದೊಂದು ಪದ.
6. ನೋವು: ಶುರುವಾದ ಹೊತ್ತು, ಮುಗಿದ ಹೊತ್ತು, 0ಯಿಂದ 10ರಲ್ಲಿ ಎಷ್ಟು.
7. ಮಾತ್ರೆ: ಹೆಸರು, ಮಿಲಿಗ್ರಾಂ, ಹೊತ್ತು, ಎರಡು ಗಂಟೆಯ ನಂತರ ಕಡಿಮೆಯಾಯಿತೇ ಇಲ್ಲವೇ.

ನೋವಿಲ್ಲದ ದಿನವೂ ಬರೆಯಬೇಕು. ಹೆಚ್ಚಿನವರು ಬಿಡುವುದೇ ಇದನ್ನು, ಡೈರಿ ಹಾಳಾಗುವುದೂ ಇಲ್ಲೇ. ನೋವು ಬಂದ ದಿನವಷ್ಟೇ ಬರೆದರೆ ಆ ದಿನ ತಿಂದದ್ದೆಲ್ಲ ತಪ್ಪಿತಸ್ಥನಂತೆ ಕಾಣುತ್ತದೆ. ಅದೇ ಪದಾರ್ಥ ತಿಂದೂ ಏನೂ ಆಗದ ಹತ್ತು ದಿನ ಲೆಕ್ಕಕ್ಕೇ ಬರುವುದಿಲ್ಲ.

ಎಂಟು ವಾರ ಮುಗಿದ ಮೇಲೆ ಹೀಗೆ ಎಣಿಸಿ. ಉದಾಹರಣೆಗೆ 56 ದಿನಗಳಲ್ಲಿ 12 ಸಲ ನೋವು ಬಂದಿದೆ ಎನ್ನಿ. ಮಧ್ಯಾಹ್ನದ ಊಟ ಮೂರರ ನಂತರ ಆದ ದಿನಗಳು 10, ಅವುಗಳಲ್ಲಿ 24 ಗಂಟೆಯೊಳಗೆ ನೋವು ಬಂದದ್ದು 6 ಸಲ. ಊಟ ಹೊತ್ತಿಗೆ ಸರಿಯಾಗಿ ಆದ 46 ದಿನಗಳಲ್ಲಿ ನೋವು ಬಂದದ್ದೂ 6 ಸಲ. ಹತ್ತರಲ್ಲಿ ಆರು ಎಲ್ಲಿ, ನಲವತ್ತಾರರಲ್ಲಿ ಆರು ಎಲ್ಲಿ! ಇದು ನಂಬಬಹುದಾದ ಟ್ರಿಗರ್. ಈಗ ಚಾಕೊಲೇಟ್ ನೋಡಿ: ತಿಂದ 14 ದಿನಗಳಲ್ಲಿ 3 ಸಲ ನೋವು, ತಿನ್ನದ 42 ದಿನಗಳಲ್ಲಿ 9 ಸಲ. ಎರಡು ಕಡೆಯೂ ಸುಮಾರು ಐದು ದಿನಕ್ಕೊಂದು. ಚಾಕೊಲೇಟ್ ನಿರಪರಾಧಿ. ಎಂಟು ವಾರದಲ್ಲಿ ನೋವು ಮೂರ್ನಾಲ್ಕು ಸಲ ಮಾತ್ರ ಬಂದಿದ್ದರೆ ಈ ಲೆಕ್ಕಕ್ಕೆ ಬಲ ಸಾಲದು, ಇನ್ನೂ ಎರಡು ತಿಂಗಳು ಬರೆಯಿರಿ.

ಅನುಮಾನ ಗಟ್ಟಿಯಾದ ಒಂದನ್ನು ಮಾತ್ರ ನಾಲ್ಕು ವಾರ ಬದಲಿಸಿ ನೋಡಿ. ಕಾಫಿ, ಮೊಸರು, ಬದನೆಕಾಯಿ, ಹುಳಿ, ಕಡಲೆಬೀಜ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಕಡಿಮೆಯಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಪಥ್ಯದ ಹೆಸರಲ್ಲಿ ಹೊಟ್ಟೆ ಖಾಲಿ ಬಿದ್ದು ನೋವು ಹೆಚ್ಚುತ್ತದೆ. ಇಂಟರ್ನೆಟ್ಟಿನ ಪಟ್ಟಿಗಳಲ್ಲಿ ಮೊದಲು ಬರುವ ಹಳೆಯ ಚೀಸ್, ರೆಡ್ ವೈನ್ ನಮ್ಮ ಬಹುಪಾಲು ಮನೆಗಳ ಅಡುಗೆಯಲ್ಲಿ ಇಲ್ಲವೇ ಇಲ್ಲ.

ನಮ್ಮ ಮನೆ, ಬೀದಿಯ ಟ್ರಿಗರ್‌ಗಳು

ಹಸಿವು. ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕೈದು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬೇಡಿ. ಸಂಕಷ್ಟಿ, ಏಕಾದಶಿ, ರಂಜಾನ್ ಉಪವಾಸ ಮಾಡುವವರು ಹಿಂದಿನ ವಾರದಿಂದಲೇ ಕಾಫಿ ತಗ್ಗಿಸುತ್ತ ಬಂದರೆ ಅರ್ಧ ತೊಂದರೆ ತಪ್ಪುತ್ತದೆ, ಏಕೆಂದರೆ ಉಪವಾಸದ ದಿನದ ತಲೆನೋವಿನಲ್ಲಿ ಹಸಿವಿನಷ್ಟೇ ಪಾಲು ಕಾಫಿ ತಪ್ಪಿದ್ದರದ್ದೂ ಇರುತ್ತದೆ. ನಸುಕಿನ ಸಹರಿ ಊಟದಲ್ಲಿ ಬರೀ ಸಿಹಿ, ಟೀ ಬೇಡ. ನಿಧಾನವಾಗಿ ಕರಗುವ ರಾಗಿ, ಬೇಳೆ, ಮೊಟ್ಟೆ ಇರಲಿ, ನೀರು ಸಾಕಷ್ಟು ಕುಡಿಯಿರಿ. ಶಿವರಾತ್ರಿಯಂದು ಉಪವಾಸ ಮತ್ತು ಜಾಗರಣೆ ಎರಡೂ ಒಟ್ಟಿಗೆ ಬರುತ್ತವೆ. ತಿಂಗಳಿಗೆ ನಾಲ್ಕೈದು ಸಲ ನೋವು ಬರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಮೇಲು. ಹಬ್ಬದ ಬೆಳಗ್ಗೆ ಪೂಜೆಗೆ ಮುಂಚೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ತೆಗೆದುಕೊಳ್ಳಲು ಹೆಚ್ಚಿನ ಮನೆಗಳಲ್ಲಿ ಅಡ್ಡಿ ಇರುವುದಿಲ್ಲ. ಮಾತ್ರೆ ನುಂಗುವ ಅಜ್ಜಿಗೆ ಇರುವ ವಿನಾಯಿತಿ ನಿಮಗೂ ಇದೆ.

ನಿದ್ದೆ. ಕಡಿಮೆ ನಿದ್ದೆಯಷ್ಟೇ ಹೆಚ್ಚು ನಿದ್ದೆಯೂ ತೊಂದರೆ. ಭಾನುವಾರದ ತಲೆನೋವಿನ ಗುಟ್ಟು ಇದು: ಎರಡು ಗಂಟೆ ತಡವಾಗಿ ಎದ್ದಿರಿ, ಆದ್ದರಿಂದ ಕಾಫಿಯೂ ತಿಂಡಿಯೂ ಎರಡು ಗಂಟೆ ತಡ, ಜೊತೆಗೆ ವಾರದ ಒತ್ತಡ ಒಮ್ಮೆಲೇ ಇಳಿಯಿತು. ಒತ್ತಡ ಇರುವಾಗ ಬಾರದ ಮೈಗ್ರೇನ್ ಒತ್ತಡ ಕಳಚಿದ ಮೇಲೆ ಬರುವುದು ವೈದ್ಯರಿಗೆ ಪರಿಚಿತವಾದ ಸಂಗತಿ. ರಜೆಯಲ್ಲೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆಗದಿರಲಿ. ಬೇಕಾದರೆ ಎದ್ದು ತಿಂಡಿ ತಿಂದು ಮತ್ತೆ ಅರ್ಧ ಗಂಟೆ ಅಡ್ಡಾಗಿ. ಐಟಿ, ಕಾಲ್ ಸೆಂಟರ್‌ನ ರಾತ್ರಿ ಪಾಳಿಯವರಿಗೆ ಕಷ್ಟ ಕೊಡುವುದು ವಾರವಾರ ಬದಲಾಗುವ ಪಾಳಿ. ಒಂದೇ ಪಾಳಿ ತಿಂಗಳುಗಟ್ಟಲೆ ಸಿಗುವಂತೆ ಕೇಳಿಕೊಳ್ಳಿ, ವೈದ್ಯರ ಪತ್ರ ಕೊಡಿ.

ಕಾಫಿ. ಕೆಫೀನ್ ಎರಡು ಕಡೆಯೂ ಕುಯ್ಯುತ್ತದೆ. ನೋವಿನ ಮಾತ್ರೆಯ ಜೊತೆ ಸ್ವಲ್ಪ ಕುಡಿದರೆ ಅನುಕೂಲ, ದಿನವೂ ಹೆಚ್ಚು ಕುಡಿದರೆ ತಪ್ಪಿದ ದಿನ ಶಿಕ್ಷೆ. ಕುಡಿಯುವ ಅಭ್ಯಾಸ ನಿಂತ 24 ಗಂಟೆಯೊಳಗೆ ಶುರುವಾಗುವ ತಲೆನೋವು ಒಂದು ವಾರದವರೆಗೂ ಕಾಡಬಹುದು. ಗಟ್ಟಿ ಡಿಕಾಕ್ಷನ್‌ನ ಫಿಲ್ಟರ್ ಕಾಫಿ ಆದರೆ ದಿನಕ್ಕೆ ಎರಡು ಸಣ್ಣ ಲೋಟ, ಪ್ರತಿದಿನ ಅದೇ ಹೊತ್ತಿಗೆ, ಸಂಜೆ ನಾಲ್ಕರ ನಂತರ ಬೇಡ. ಈಗ ಐದು ಲೋಟ ಕುಡಿಯುತ್ತಿದ್ದರೆ ವಾರಕ್ಕೊಂದು ಲೋಟದಂತೆ ಇಳಿಸಿ.

ತಲೆಸ್ನಾನ. ಪಾಶ್ಚಾತ್ಯ ಪುಸ್ತಕಗಳಲ್ಲಿ ಹೆಚ್ಚು ಕಾಣದ ಈ ಟ್ರಿಗರ್ ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಲೆಸ್ನಾನದಿಂದ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ವಿವರ ಇದೆ. ಉದ್ದ ಕೂದಲು ಒಣಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಒದ್ದೆ ಕೂದಲಿನ ಭಾರಕ್ಕೆ ಬಿಗಿದ ಟವೆಲ್ಲಿನ ಎಳೆತವೂ ಸೇರುತ್ತದೆ. ಮಾಡಬೇಕಾದದ್ದು: ತಿಂಡಿ ತಿಂದ ಮೇಲೆ ಸ್ನಾನ, ಸುಡುವ ನೀರೂ ಅಲ್ಲ ತಣ್ಣೀರೂ ಅಲ್ಲ, ಸ್ನಾನವಾದ ಕೂಡಲೇ ಹೀರುವ ಬಟ್ಟೆಯಲ್ಲಿ ಒತ್ತಿ ಫ್ಯಾನ್ ಅಥವಾ ಕಡಿಮೆ ಬಿಸಿಯ ಡ್ರೈಯರ್‌ನಲ್ಲಿ ಒಣಗಿಸುವುದು, ಒದ್ದೆ ಕೂದಲನ್ನು ಗಂಟು ಹಾಕದಿರುವುದು. ಮುಟ್ಟಿನ ಮೊದಲ ದಿನಗಳಲ್ಲಿ ನೋವು ಬರುವ ಅಭ್ಯಾಸವಿದ್ದರೆ ಆ ದಿನಗಳ ತಲೆಸ್ನಾನವನ್ನು ಮುಂದೂಡಿ.

ಮುಟ್ಟು. ಮುಟ್ಟಿಗೆ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ, ಮೂರು ತಿಂಗಳಲ್ಲಿ ಎರಡು ಸಲವಾದರೂ ನೋವು ಬಂದರೆ ಅದು ಮುಟ್ಟಿಗೆ ಸಂಬಂಧಿಸಿದ ಮೈಗ್ರೇನ್. ಕಾರಣ ಈಸ್ಟ್ರೊಜೆನ್ ಮಟ್ಟ ಥಟ್ಟನೆ ಇಳಿಯುವುದು. ಇದು ಸಾಮಾನ್ಯವಾಗಿ ಹೆಚ್ಚು ಹೊತ್ತು ಇರುತ್ತದೆ, ಮಾತ್ರೆಗೂ ಬೇಗ ಬಗ್ಗುವುದಿಲ್ಲ. ಮುಟ್ಟು ನಿಯಮಿತವಾಗಿದ್ದರೆ ನೆಪ್ರಾಕ್ಸೆನ್‌ನಂಥ ಮಾತ್ರೆಯನ್ನು ಎರಡು ದಿನ ಮುಂಚೆಯೇ ಶುರುಮಾಡಿ ಐದಾರು ದಿನ ಕೊಡುವ ಪದ್ಧತಿ ಇದೆ. ವೈದ್ಯರನ್ನು ಕೇಳುವಾಗ ಮೂರು ತಿಂಗಳ ಡೈರಿ ತೋರಿಸಿ.

ಬಿಸಿಲು, ವಾಸನೆ, ಪ್ರಯಾಣ. ಮಾರ್ಚ್‌ನಿಂದ ಮೇವರೆಗೆ ಹೊರಗೆ ಹೊರಡುವ ಮುಂಚೆಯೇ ನೀರು ಕುಡಿಯಿರಿ, ಟೋಪಿ ಅಥವಾ ಛತ್ರಿ ಹಿಡಿಯಿರಿ. ಕಪ್ಪು ಕನ್ನಡಕ ಬಿಸಿಲಿಗೆ ಸರಿ, ಮನೆಯೊಳಗೂ ಹಾಕಿಕೊಂಡರೆ ಕಣ್ಣು ಇನ್ನಷ್ಟು ಬೆಳಕು ಸಹಿಸದಂತಾಗುತ್ತದೆ. ಹಣೆಗೆ ಒತ್ತುವ ಬಿಗಿ ಹೆಲ್ಮೆಟ್ ತಾನೇ ನೋವು ತರುತ್ತದೆ, ಸರಿಯಾದ ಅಳತೆಯದು ಕೊಳ್ಳಿ. ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಬರುವವರಲ್ಲಿ ಮೈಗ್ರೇನ್ ಇರುವವರ ಸಂಖ್ಯೆ ಹೆಚ್ಚು. ಮುಂದಿನ ಸೀಟು, ದೂರದ ರಸ್ತೆಯ ಮೇಲೆ ಕಣ್ಣು, ಹೊಟ್ಟೆಯಲ್ಲಿ ಎರಡು ಇಡ್ಲಿ, ಮೊಬೈಲ್ ಚೀಲದೊಳಗೆ. ಸೆಂಟು, ಪೇಂಟು, ಊದಿನಕಡ್ಡಿ, ಒಣಮೆಣಸಿನಕಾಯಿ ಹುರಿಯುವ ಘಾಟು ಇವುಗಳಲ್ಲಿ ಯಾವುದು ನಿಮಗೆ ಆಗದು ಎಂದು ಡೈರಿ ಹೇಳುತ್ತದೆ. ಹಣೆಗೆ ಹಚ್ಚುವ ಬಾಮಿನ ವಾಸನೆಯೇ ಕೆಲವರ ವಾಕರಿಕೆ ಹೆಚ್ಚಿಸುತ್ತದೆ.

ಹವಾಮಾನ ನಿಮ್ಮ ಕೈಯಲ್ಲಿಲ್ಲ. ಮೋಡ ಕವಿದ ದಿನ ನೋವು ಬರುತ್ತದೆಂದು ಗೊತ್ತಾದರೆ ಅವತ್ತು ಊಟ, ನಿದ್ದೆಯನ್ನು ಬಿಗಿ ಹಿಡಿಯಿರಿ, ಅಷ್ಟು ಸಾಕು.

ನೋವು ಬಂದ ಹೊತ್ತಿನಲ್ಲಿ

‘ಇನ್ನೂ ಸ್ವಲ್ಪ ನೋಡೋಣ, ತಡೆಯಲಾಗದಿದ್ದರೆ ಮಾತ್ರೆ’ ಎಂಬ ಸಹನೆ ಮೈಗ್ರೇನ್‌ನಲ್ಲಿ ಕೆಲಸ ಕೆಡಿಸುತ್ತದೆ. ಮೈಗ್ರೇನ್ ಏರಿದಂತೆ ಹೊಟ್ಟೆಯ ಚಲನೆ ನಿಧಾನವಾಗುತ್ತದೆ, ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಅಲ್ಲೇ ಕೂರುತ್ತದೆ, ಕೊನೆಗೆ ವಾಂತಿಯಲ್ಲಿ ಹೊರಬರುತ್ತದೆ. ಆದ್ದರಿಂದ ಇದು ಮೈಗ್ರೇನೇ ಎಂದು ಗುರುತು ಸಿಕ್ಕ ಕೂಡಲೇ, ನೋವು ಇನ್ನೂ ಹಗುರವಾಗಿರುವಾಗ, ಪೂರ್ಣ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು.

1. ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ ಐಬುಪ್ರೊಫೆನ್ 400 ಮಿ.ಗ್ರಾಂ ಅಥವಾ ನೆಪ್ರಾಕ್ಸೆನ್ 500 ಮಿ.ಗ್ರಾಂ, ಏನಾದರೂ ತಿಂದು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದ್ರೋಗ, ನೋವಿನ ಮಾತ್ರೆಯಿಂದ ಕೆರಳುವ ಆಸ್ತಮಾ ಇದ್ದವರಿಗೆ, ಗರ್ಭಿಣಿಯರಿಗೆ ಇವು ಬೇಡ. ಅಂಥವರಿಗೆ ಪ್ಯಾರಾಸಿಟಮಾಲ್ 1000 ಮಿ.ಗ್ರಾಂ, ಅಂದರೆ 500ರ ಎರಡು ಮಾತ್ರೆ. ದಿನಕ್ಕೆ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರು, ತೂಕ 50 ಕಿಲೋಗಿಂತ ಕಡಿಮೆ ಇರುವವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕು. ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. 16ರೊಳಗಿನ ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ.

2. ವಾಕರಿಕೆ ಇದ್ದರೆ ವೈದ್ಯರು ಬರೆದುಕೊಟ್ಟ ವಾಂತಿ ತಡೆಯುವ ಮಾತ್ರೆಯನ್ನು ಜೊತೆಗೇ ನುಂಗಿ. ಇಂಥ ಕೆಲವು ಮಾತ್ರೆಗಳು ವಾಂತಿ ನಿಲ್ಲಿಸುವುದಲ್ಲದೆ ಹೊಟ್ಟೆಯನ್ನು ಚಲಿಸುವಂತೆ ಮಾಡಿ ನೋವಿನ ಮಾತ್ರೆಯನ್ನು ಮುಂದೆ ತಳ್ಳುತ್ತವೆ.

3. ಇವುಗಳಿಂದ ಆಗದವರಿಗೆ ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್ ಎಂಬ ಟ್ರಿಪ್ಟಾನ್ ಗುಂಪಿನ ಮಾತ್ರೆಗಳಿವೆ. ವೈದ್ಯರ ಚೀಟಿ ಬೇಕು. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಕೊಡುವುದಿಲ್ಲ. ಔರಾ ಇದ್ದವರು ಔರಾ ನಡೆಯುವಾಗ ನುಂಗದೆ ನೋವು ಶುರುವಾದಾಗ ನುಂಗಬೇಕು. ಮೊದಲ ಮಾತ್ರೆಯಿಂದ ಇಳಿದ ನೋವು ಮತ್ತೆ ಏರಿದರೆ ಎರಡು ಗಂಟೆಯ ನಂತರ ಇನ್ನೊಂದು ತೆಗೆದುಕೊಳ್ಳಬಹುದು. ಮೊದಲನೆಯದೇ ಏನೂ ಮಾಡದಿದ್ದರೆ ಆ ನೋವಿಗೆ ಎರಡನೆಯದೂ ಮಾಡುವುದಿಲ್ಲ. ಬಿಪಿಗೋ ಮೈಗ್ರೇನ್‌ಗೋ ಪ್ರೊಪ್ರನೊಲಾಲ್ ನುಂಗುತ್ತಿದ್ದರೆ ಅದನ್ನು ಹೇಳಿ, ರೈಜಾಟ್ರಿಪ್ಟಾನ್ ಪ್ರಮಾಣ ತಗ್ಗಿಸಬೇಕಾಗುತ್ತದೆ.

4. ಕತ್ತಲ ಕೋಣೆ, ಬಟ್ಟೆಯಲ್ಲಿ ಸುತ್ತಿದ ಐಸು ಹಣೆಗೆ ಅಥವಾ ಕುತ್ತಿಗೆಯ ಹಿಂಭಾಗಕ್ಕೆ 15 ನಿಮಿಷ, ಗುಟುಕು ಗುಟುಕಾಗಿ ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ. ನಿದ್ದೆ ಬಂದರೆ ಎಬ್ಬಿಸಬಾರದು. ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಟಿವಿ ಆರಿಸಿ, ಒಗ್ಗರಣೆ ಮುಂದೂಡಿ, ‘ಈಗ ಹೇಗಿದೆ’ ಎಂದು ಪದೇಪದೇ ಕೇಳದಿರುವುದು.

ಮೆಡಿಕಲ್ ಶಾಪಿನಲ್ಲಿ ‘ಮೈಗ್ರೇನ್ ಮಾತ್ರೆ ಕೊಡಿ’ ಎಂದರೆ ಎರ್ಗೊಟಮಿನ್, ಕೆಫೀನ್ ಸೇರಿದ ಮಿಶ್ರ ಮಾತ್ರೆ ಕೈಗೆ ಬರುವುದುಂಟು. ಅಗ್ಗ, ಕೆಲಸವನ್ನೂ ಮಾಡುತ್ತದೆ, ಆದರೆ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆಗೆ ಸೇರಿದರೆ ಕೈಕಾಲಿನ ರಕ್ತ ಸಂಚಾರವೇ ನಿಂತು ಅಪಾಯವಾಗಬಹುದು. ಟ್ರಿಪ್ಟಾನ್ ತೆಗೆದುಕೊಂಡ ದಿನ ಈ ಮಿಶ್ರ ಮಾತ್ರೆಯನ್ನು ನುಂಗಲೇಬಾರದು. ಚೀಟಿಯಿಲ್ಲದೆ ಕೊಳ್ಳದಿರುವುದೇ ಸರಿ.

ನೋವು 72 ಗಂಟೆ ದಾಟಿದರೆ, ಅಥವಾ ನೀರೂ ನಿಲ್ಲದಷ್ಟು ವಾಂತಿಯಾದರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಡ್ರಿಪ್ ಬೇಕು. ನೋವು ಹೋದ ಮರುದಿನದ ಮಂಕು, ಮೈಕೈ ಸೋಲು ಮೈಗ್ರೇನ್‌ನದೇ ಕೊನೆಯ ಹಂತ. ಅದಕ್ಕೆ ಮಾತ್ರೆ ಬೇಡ.

ಮಾತ್ರೆಯೇ ತಲೆನೋವಾದಾಗ

ಡೈರಿಯ ಏಳನೆಯ ಸಾಲು ಮುಖ್ಯವಾಗುವುದು ಇಲ್ಲಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸರಳ ಮಾತ್ರೆಗಳನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಟ್ರಿಪ್ಟಾನ್, ಎರ್ಗೊಟಮಿನ್, ಟ್ರಮಡಾಲ್ ಅಥವಾ ಮಿಶ್ರ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿ ನುಂಗಿದರೆ ಮಾತ್ರೆಯಿಂದಲೇ ಹೆಚ್ಚುಕಡಿಮೆ ದಿನವೂ ತಲೆನೋವು ಬರತೊಡಗುತ್ತದೆ. ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ಮಾತ್ರೆ ನುಂಗಿದ ದಿನಗಳನ್ನು. ಒಂದೇ ದಿನ ಎರಡು ನುಂಗಿದರೂ ಅದು ಒಂದು ದಿನ. ದಿನಕ್ಕೆ ಅರ್ಧರ್ಧ ನುಂಗಿ ‘ನಾನು ಕಡಿಮೆಯೇ ತೆಗೆದುಕೊಳ್ಳುವುದು’ ಎನ್ನುವವರು ಸುಲಭವಾಗಿ ಈ ಬಲೆಗೆ ಬೀಳುತ್ತಾರೆ. ಬೆಳಗ್ಗೆ ಏಳುವಾಗಲೇ ಮಂದ ನೋವು, ಮಾತ್ರೆಗೆ ಎರಡು ಗಂಟೆ ಇಳಿದು ಮತ್ತೆ ಏರುವುದು ಇದರ ಗುರುತು. ವಾರಕ್ಕೆ ಎರಡು ದಿನ ಎಂಬ ಮಿತಿ ಹಾಕಿಕೊಂಡು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ. ತಿಂಗಳ ಮಧ್ಯಕ್ಕೇ ಎಂಟು ಗುರುತು ಕಂಡರೆ ವೈದ್ಯರನ್ನು ನೋಡುವ ಹೊತ್ತಾಯಿತು.

ಸರಳ ಮಾತ್ರೆ ಮತ್ತು ಟ್ರಿಪ್ಟಾನ್‌ಗಳನ್ನು ಒಮ್ಮೆಲೇ ನಿಲ್ಲಿಸಬಹುದು. ಟ್ರಮಡಾಲ್, ಕೊಡೀನ್ ಇರುವುದನ್ನು ವೈದ್ಯರ ನಿಗಾದಲ್ಲಿ ಇಳಿಸಬೇಕು. ನಿಲ್ಲಿಸಿದ ಮೇಲೆ ಎರಡರಿಂದ ಹತ್ತು ದಿನ ನೋವು ಇನ್ನೂ ಜೋರಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ರಜೆ ಹಾಕಿ, ಮನೆಯವರಿಗೆ ಮೊದಲೇ ಹೇಳಿ, ನೋವು ಬರದಂತೆ ದಿನವೂ ನುಂಗುವ ತಡೆ ಔಷಧದ ರಕ್ಷಣೆಯಲ್ಲಿ ಇದನ್ನು ದಾಟಬೇಕು.

ತಡೆ ಔಷಧ, ವೈದ್ಯರ ಭೇಟಿ

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ, ಅಥವಾ ಕಡಿಮೆ ಬಂದರೂ ಹಾಸಿಗೆ ಹಿಡಿಸುತ್ತಿದ್ದರೆ ದಿನವೂ ನುಂಗುವ ತಡೆ ಔಷಧದ ಬಗ್ಗೆ ಕೇಳಿ. ನೋವು ತಿಂಗಳಿಗೆ 15 ದಿನ ಮುಟ್ಟಿದರೆ ನರರೋಗ ತಜ್ಞರೇ ಬೇಕು. ಮೈಗ್ರೇನ್ ಇದೆ ಎಂದು ತೋರಿಸುವ ಸ್ಕ್ಯಾನ್ ಯಾವುದೂ ಇಲ್ಲ. ಸ್ಕ್ಯಾನ್ ಮಾಡಿಸುವುದು ಬೇರೆ ಅನುಮಾನ ಇದ್ದಾಗ, ಅದನ್ನು ತಳ್ಳಿಹಾಕಲು. ಆದ್ದರಿಂದ ವೈದ್ಯರ ಕೈಗೆ ಎಂಆರ್‌ಐ ಫಿಲ್ಮಿಗಿಂತ ನಿಮ್ಮ ಡೈರಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಪುಟದಲ್ಲಿ ಮೂರೇ ಅಂಕಿ ಬರೆದಿಟ್ಟುಕೊಳ್ಳಿ: ತಿಂಗಳಿಗೆ ನೋವಿನ ದಿನ ಎಷ್ಟು, ಮಾತ್ರೆಯ ದಿನ ಎಷ್ಟು, ಕೆಲಸ ತಪ್ಪಿದ ದಿನ ಎಷ್ಟು.

ಯಾವ ತಡೆ ಔಷಧ ಎಂಬುದು ನಿಮ್ಮ ಉಳಿದ ಆರೋಗ್ಯದ ಮೇಲೆ ನಿಂತಿದೆ. ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಆಗದು. ಫ್ಲುನರಿಜಿನ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ, ರಾತ್ರಿ ಹೊತ್ತು ಕೊಡುತ್ತಾರೆ. ಅದರಿಂದ ತೂಕ ಏರಬಹುದು, ಮಂಪರು ಬರಬಹುದು, ಖಿನ್ನತೆ ಇದ್ದವರಲ್ಲಿ ಅದು ಹೆಚ್ಚಬಹುದು. ಅಮಿಟ್ರಿಪ್ಟಿಲಿನ್ ನಿದ್ದೆ ಕೆಟ್ಟವರಿಗೆ ಅನುಕೂಲ, ಬಾಯಿ ಒಣಗಿಸುತ್ತದೆ. ಟೋಪಿರಾಮೇಟ್ ತೂಕ ಇಳಿಸುತ್ತದೆ, ಬೆರಳು ಜುಮ್ಮೆನಿಸುತ್ತದೆ, ಕಿಡ್ನಿ ಕಲ್ಲು ಆದವರು ಅದನ್ನು ಮೊದಲೇ ಹೇಳಬೇಕು. ಟೋಪಿರಾಮೇಟ್ ಮತ್ತು ವ್ಯಾಲ್ಪ್ರೊಯೇಟ್ ಎರಡೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಮದುವೆಯಾದ, ಆಗಲಿರುವ ಹೆಣ್ಣುಮಕ್ಕಳು ಈ ಪ್ರಶ್ನೆ ಕೇಳಲು ಸಂಕೋಚಪಡಬಾರದು. ತಿಂಗಳುಗಟ್ಟಲೆ ನೋವು ಬಿಡದವರಿಗೆ 12 ವಾರಕ್ಕೊಮ್ಮೆ ಕೊಡುವ ಬೊಟಾಕ್ಸ್ ಇಂಜೆಕ್ಷನ್, ಸಿಜಿಆರ್‌ಪಿಯನ್ನೇ ತಡೆಯುವ ತಿಂಗಳ ಇಂಜೆಕ್ಷನ್ ಈಗ ಸಿಗುತ್ತವೆ, ಬೆಲೆ ಮಾತ್ರ ಹೆಚ್ಚು.

ಔಷಧದ ಜೊತೆಗೆ ಯೋಗ ಸೇರಿದರೆ ಲಾಭ ಇದೆ ಎನ್ನುವುದಕ್ಕೆ ದೆಹಲಿಯ ಏಮ್ಸ್ 2020ರಲ್ಲಿ ಪ್ರಕಟಿಸಿದ ಪ್ರಯೋಗ ಆಧಾರ. ಔಷಧವಷ್ಟೇ ತೆಗೆದುಕೊಂಡವರಿಗಿಂತ, ಔಷಧದ ಜೊತೆ ಮೂರು ತಿಂಗಳು ಯೋಗ ಮಾಡಿದವರಲ್ಲಿ ನೋವೂ ಮಾತ್ರೆಯೂ ಹೆಚ್ಚು ಕಡಿಮೆಯಾದವು. ಅದು ಔಷಧ ಬಿಟ್ಟು ಮಾಡಿದ ಯೋಗವಲ್ಲ ಎಂಬುದನ್ನು ಮರೆಯಬಾರದು. ನಡಿಗೆಯಾದರೂ ಸರಿ, ವಾರಕ್ಕೆ ಮೂರು ದಿನ 30–40 ನಿಮಿಷ. ಮೊದಲ ದಿನವೇ ಓಡಿದರೆ ಓಟವೇ ಟ್ರಿಗರ್ ಆಗುತ್ತದೆ, 10 ನಿಮಿಷದಿಂದ ಏರಿಸುತ್ತ ಹೋಗಿ.

ತಡೆ ಔಷಧ ಹದಿನೈದು ದಿನದಲ್ಲಿ ಕೆಲಸ ಮಾಡಲಿಲ್ಲವೆಂದು ಬಿಡುವುದು ಬಹಳ ಸಾಮಾನ್ಯ. ಸಣ್ಣ ಪ್ರಮಾಣದಿಂದ ಏರಿಸಿ, ಸರಿಯಾದ ಪ್ರಮಾಣ ಮುಟ್ಟಿದ ಮೇಲೆ ಆರರಿಂದ ಎಂಟು ವಾರ ನೋಡಬೇಕು. ನೋವಿನ ದಿನಗಳು ಅರ್ಧಕ್ಕೆ ಇಳಿದರೆ ಔಷಧ ಗೆದ್ದಿದೆ ಎಂದರ್ಥ, ಸೊನ್ನೆಗೆ ಇಳಿಯಬೇಕೆಂದಿಲ್ಲ. ಗೆದ್ದ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸುತ್ತಾರೆ. ಇಳಿಸುವ ಆ ವಾರಗಳಲ್ಲಿ ಡೈರಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಪ್ರೊಪ್ರನೊಲಾಲ್ ಅನ್ನಂತೂ ನೀವಾಗಿ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಎದೆಬಡಿತ ಮತ್ತು ಬಿಪಿ ಥಟ್ಟನೆ ಏರಬಹುದು.